ಸಣ್ಣ ಸುಟ್ಟಗಾಯ: ಪ್ರಥಮ ಚಿಕಿತ್ಸೆ ಮತ್ತು ಮನೆ ಆರೈಕೆ

ಸಣ್ಣ ಸುಟ್ಟಗಾಯವೆಂದರೆ ಬೆಂಕಿ, ಕುದಿನೀರು, ಹಬೆ, ಕಾದ ಎಣ್ಣೆ, ಕಾದ ಲೋಹ, ಬಿಸಿಲು ಮೊದಲಾದವುಗಳಿಂದ ಚರ್ಮದ ಮೇಲಿನ ಪದರಗಳಿಗಷ್ಟೇ ಪೆಟ್ಟಾಗಿ, ದೇಹದ ಸ್ವಲ್ಪ ಭಾಗಕ್ಕೆ ಸೀಮಿತವಾಗಿದ್ದು, ಆಸ್ಪತ್ರೆಗೆ ಸೇರದೆಯೇ ಸಾಮಾನ್ಯವಾಗಿ ಮೂರು ವಾರದೊಳಗೆ ಮಾಯುವ ಗಾಯ. ಸುಟ್ಟ ಕ್ಷಣದಿಂದ ಗಾಯವನ್ನು ತಣಿಸಿ ಮುಚ್ಚುವವರೆಗಿನ ಕೆಲಸ ಪ್ರಥಮ ಚಿಕಿತ್ಸೆ. ಅಲ್ಲಿಂದ ಮುಂದೆ ಹೊಸ ಚರ್ಮ ಮೂಡುವ ತನಕ ನಡೆಯುವ ಶುಶ್ರೂಷೆ ಮನೆ ಆರೈಕೆ. ಈ ಲೇಖನದಲ್ಲಿ ‘ಬೊಬ್ಬೆ’ ಎಂದರೆ ಸುಟ್ಟ ಚರ್ಮದಡಿ ನೀರು ತುಂಬಿ ಉಬ್ಬಿದ ಗುಳ್ಳೆ. ‘ತಣಿಸುವುದು’ ಎಂದರೆ ನೀರಿನಿಂದ ಗಾಯದೊಳಗಿನ ಬಿಸಿಯನ್ನು ಹೊರತೆಗೆಯುವುದು. ‘ಮಾಯುವುದು’ ಎಂದರೆ ಗಾಯದ ಮೇಲೆ ಹೊಸ ಹೊರಚರ್ಮ ಪೂರ್ತಿ ಮುಚ್ಚಿಕೊಳ್ಳುವುದು.

ಈ ಚಿಕಿತ್ಸೆಯ ತಿರುಳು ಹರಿಯುವ ತಣ್ಣೀರು, ಅದೂ 20 ನಿಮಿಷ. ಸುಟ್ಟ ಜಾಗಕ್ಕೆ ನೀರು ಹಾಕಬೇಕೆಂಬುದು ಬಹುಪಾಲು ಮನೆಗಳಲ್ಲಿ ಗೊತ್ತಿರುವ ಸಂಗತಿಯೇ. ಎಷ್ಟು ಹೊತ್ತು ಹಾಕಬೇಕೆಂಬುದು ಗೊತ್ತಿಲ್ಲದೆ, ಉರಿ ತುಸು ಇಳಿಯುತ್ತಲೇ ನಲ್ಲಿ ನಿಲ್ಲಿಸುವುದರಿಂದ ಉಳಿಯಬಹುದಾಗಿದ್ದ ಚರ್ಮವೂ ಹಾಳಾಗುತ್ತದೆ.

ಕಾರಣಗಳು

ಹೆಚ್ಚಿನ ಸಣ್ಣ ಸುಟ್ಟಗಾಯಗಳು ಆಗುವುದು ಅಡುಗೆಮನೆಯಲ್ಲಿ. ಅನ್ನ ಬಸಿಯುವಾಗ ಕೈಮೇಲೆ ಹರಿಯುವ ಗಂಜಿ, ಕುಕ್ಕರಿನ ಮುಚ್ಚಳ ತೆಗೆದಾಗ ರಾಚುವ ಹಬೆ, ಒಗ್ಗರಣೆಯ ಸಾಸಿವೆಯೊಂದಿಗೆ ಸಿಡಿಯುವ ಎಣ್ಣೆ, ಕಾದ ಕಾವಲಿಗೆ ತಗುಲುವ ಬೆರಳು, ಇವೆಲ್ಲ ದಿನನಿತ್ಯದವು. ಬಿಸಿ ದ್ರವದಿಂದಾದರೂ ಒಣ ಶಾಖದಿಂದಾದರೂ ಮೊದಲ ಉಪಚಾರ ಒಂದೇ. ಆದರೆ ಗಾಯ ಎಷ್ಟು ಆಳಕ್ಕಿಳಿಯುತ್ತದೆ ಎಂಬುದು ಸುಟ್ಟ ಪದಾರ್ಥವನ್ನು ಅವಲಂಬಿಸಿದೆ. ಕುದಿಯುವ ನೀರಿನ ಶಾಖ 100 ಡಿಗ್ರಿ ಸೆಲ್ಸಿಯಸ್. ಮೈಮೇಲೆ ಬಿದ್ದರೆ ಅದು ಬೇಗ ಹರಿದುಹೋಗುತ್ತದೆ. ಕರಿಯುವ ಎಣ್ಣೆ 170ರಿಂದ 190 ಡಿಗ್ರಿಯಷ್ಟು ಕಾದಿರುತ್ತದೆ, ಚರ್ಮಕ್ಕೆ ಅಂಟಿಯೂ ನಿಲ್ಲುತ್ತದೆ. ಆಲೆಮನೆಯ ಬೆಲ್ಲದ ಪಾಕ, ಪಾಯಸ, ಮುದ್ದೆ ತಿರುವುವಾಗ ಸಿಡಿಯುವ ಹಿಟ್ಟು ಮುಂತಾದ ಮಂದ ಪದಾರ್ಥಗಳು ಕೂಡ ಜಾರಿಹೋಗದೆ ಬಿಸಿಯನ್ನು ಚರ್ಮದ ಮೇಲೆಯೇ ಹಿಡಿದಿಟ್ಟುಕೊಳ್ಳುವುದರಿಂದ ಅವುಗಳ ಗಾಯ ಕಂಡದ್ದಕ್ಕಿಂತ ಆಳವಾಗಿರುತ್ತದೆ.

ಅಡುಗೆಮನೆಯ ಆಚೆ ಇಸ್ತ್ರಿ ಪೆಟ್ಟಿಗೆ, ಬಚ್ಚಲುಮನೆಯ ಹಂಡೆ, ಗೀಸರಿನ ನೀರು, ಊದುಬತ್ತಿ, ದೀಪ, ಬೈಕಿನ ಸೈಲೆನ್ಸರ್ ಸಾಮಾನ್ಯ ಕಾರಣಗಳು. ಹಿಂದೆ ಕೂತವರು ಇಳಿಯುವಾಗ ಮೀನಖಂಡದ ಒಳಬದಿಗೆ ತಗುಲುವ ಸೈಲೆನ್ಸರ್ ಗಾಯ ಚಿಕ್ಕದಾಗಿ ಕಂಡರೂ ಎಷ್ಟೋ ಸಲ ಆಳವಾಗಿರುತ್ತದೆ, ಮಾಯಲು ವಾರಗಟ್ಟಲೆ ಹಿಡಿಯುತ್ತದೆ. ದೀಪಾವಳಿಯಲ್ಲಿ ಪಟಾಕಿಯ ಗಾಯಗಳು ಹೆಚ್ಚು. ಮಕ್ಕಳ ಕೈಗೆ ನಿರಪಾಯವೆಂದು ಕೊಡುವ ಸುರ್‌ಸುರ್‌ ಬತ್ತಿಯ ತಂತಿ 1,000 ಡಿಗ್ರಿಗೂ ಮೀರಿ ಕಾಯುತ್ತದೆ, ಆರಿದ ಮೇಲೂ ಸ್ವಲ್ಪ ಹೊತ್ತು ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಬಿಸಿನೀರಿನ ಚೀಲದ ಕಾವೂ, ಕಾದ ನೆಲದ ಮೇಲಿನ ಬರಿಗಾಲ ನಡಿಗೆಯೂ ಅವರ ಅರಿವಿಗೆ ಬಾರದೆಯೇ ಬೊಬ್ಬೆ ಎಬ್ಬಿಸುತ್ತವೆ.

ಚರ್ಮದ ರಚನೆ ಮತ್ತು ಗಾಯವಾಗುವ ಬಗೆ

ಚರ್ಮಕ್ಕೆ ಎರಡು ಮುಖ್ಯ ಪದರಗಳು. ಮೇಲಿನದು ಹೊರಚರ್ಮ; ಅಂಗೈ ಅಂಗಾಲು ಬಿಟ್ಟರೆ ಬಹಳ ತೆಳು, ರಕ್ತನಾಳಗಳಿಲ್ಲ. ಅದರಡಿಯ ಒಳಚರ್ಮದಲ್ಲಿ ರಕ್ತನಾಳ, ನರ, ಬೆವರಿನ ಗ್ರಂಥಿ, ಕೂದಲಿನ ಬುಡಗಳಿವೆ. ಅದಕ್ಕೂ ಕೆಳಗೆ ಕೊಬ್ಬಿನ ಪದರ. ಕೂದಲಿನ ಬುಡ ಹಾಗೂ ಬೆವರಿನ ಗ್ರಂಥಿಗಳ ಒಳಗೋಡೆಯಲ್ಲಿ ಹೊರಚರ್ಮದ ಜೀವಕೋಶಗಳೇ ಇರುತ್ತವೆ. ಮೇಲಿನ ಪದರ ಪೂರ್ತಿ ಸುಟ್ಟರೂ ಈ ಕೋಶಗಳು ಉಳಿದಿದ್ದರೆ ಅಲ್ಲಿಂದಲೇ ಹೊಸ ಚರ್ಮ ಹಬ್ಬುತ್ತದೆ. ಸಣ್ಣ ಗಾಯ ಕಲೆಯಿಲ್ಲದೆ ಮಾಯುವುದಕ್ಕೂ, ಆಳದ ಗಾಯ ಅಂಚಿನಿಂದ ಮಾತ್ರ ನಿಧಾನವಾಗಿ ಕೂಡಿಕೊಂಡು ಕಲೆ ಉಳಿಸುವುದಕ್ಕೂ ಕಾರಣ ಇದು.

ಸುಡುವಿಕೆ ಶಾಖವನ್ನೂ ಕಾಲವನ್ನೂ ಒಟ್ಟಿಗೆ ಅವಲಂಬಿಸಿದೆ. 1947ರಲ್ಲಿ ಮಾರಿಟ್ಸ್ ಮತ್ತು ಹೆನ್ರಿಕೆಸ್ ಪ್ರಕಟಿಸಿದ ಪ್ರಯೋಗಗಳ ಪ್ರಕಾರ 44 ಡಿಗ್ರಿ ಶಾಖ ಚರ್ಮವನ್ನು ಕೆಡಿಸಲು ಸುಮಾರು 6 ಗಂಟೆ ಬೇಕು. 60 ಡಿಗ್ರಿಗೆ 5 ಸೆಕೆಂಡು ಸಾಕು. ಮಕ್ಕಳ ಮತ್ತು ಮುಪ್ಪಿನವರ ಚರ್ಮ ಇನ್ನೂ ತೆಳುವಾದ್ದರಿಂದ ಅವರಿಗೆ ಇಷ್ಟು ಹೊತ್ತೂ ಬೇಡ.

ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನ ಶಸ್ತ್ರವೈದ್ಯ ಡಿ. ಎಂ. ಜಾಕ್ಸನ್ 1953ರಲ್ಲಿ ಸುಟ್ಟಗಾಯದಲ್ಲಿ ಮೂರು ವಲಯಗಳನ್ನು ಗುರುತಿಸಿದ. ನಡುವಿನದು ಸತ್ತ ವಲಯ. ಅದರ ಸುತ್ತ ರಕ್ತಸಂಚಾರ ಕುಂಟುತ್ತಿರುವ, ಉಳಿಯಲೂ ಸಾಯಲೂ ಸಾಧ್ಯವಿರುವ ವಲಯ. ಹೊರಗಿನದು ಕೆಂಪೇರಿದ ವಲಯ, ಅದು ತಾನಾಗಿ ಸರಿಹೋಗುತ್ತದೆ. ಪ್ರಥಮ ಚಿಕಿತ್ಸೆ ಮತ್ತು ಆರೈಕೆಯ ಶ್ರಮವೆಲ್ಲ ಎರಡನೆಯ ವಲಯವನ್ನು ಉಳಿಸಿಕೊಳ್ಳುವುದಕ್ಕಾಗಿ. ಒಲೆಯಿಂದ ಇಳಿಸಿದ ಪಾತ್ರೆಯಲ್ಲಿ ಅನ್ನ ಬೇಯುತ್ತಲೇ ಇರುವಂತೆ, ಬಿಸಿ ವಸ್ತು ದೂರವಾದ ಮೇಲೂ ಒಳಗೆ ಸೇರಿದ ಶಾಖ ಚರ್ಮವನ್ನು ಸುಡುತ್ತಿರುತ್ತದೆ. ಮೊದಲ ದಿನ ಕೆಂಪಗಷ್ಟೇ ಇದ್ದ ಗಾಯದ ನಿಜವಾದ ಆಳ ಎರಡು ಮೂರು ದಿನಗಳಲ್ಲಿ ತಿಳಿಯುವುದೂ ಈ ಎರಡನೆಯ ವಲಯದಿಂದಲೇ.

ಆಳ ಮತ್ತು ವಿಸ್ತಾರ

ಆಳಕ್ಕೆ ತಕ್ಕಂತೆ ಗಾಯಗಳನ್ನು ದರ್ಜೆಗಳಾಗಿ ವಿಂಗಡಿಸುವುದು ವಾಡಿಕೆ. ಮೊದಲ ದರ್ಜೆಯಲ್ಲಿ ಹೊರಚರ್ಮಕ್ಕಷ್ಟೇ ಪೆಟ್ಟು: ಉರಿ, ಕೆಂಪು, ಮುಟ್ಟಿದರೆ ನೋವು, ಬೊಬ್ಬೆ ಇಲ್ಲ. ಬಿಸಿಲಿನ ಸುಡುವಿಕೆ ಇದಕ್ಕೆ ಉದಾಹರಣೆ. ಕೆಲವೇ ದಿನಗಳಲ್ಲಿ ಸಿಪ್ಪೆಯೆದ್ದು ಮಾಯುತ್ತದೆ. ಎರಡನೆಯ ದರ್ಜೆಯಲ್ಲಿ ಒಳಚರ್ಮದ ಒಂದಷ್ಟು ಭಾಗ ಸುಟ್ಟಿರುತ್ತದೆ. ಅದು ಮೇಲ್ಭಾಗಕ್ಕೆ ಸೀಮಿತವಾಗಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆಯಡಿಯ ಚರ್ಮ ಒದ್ದೆಯಾಗಿ ಗುಲಾಬಿ ಬಣ್ಣದಲ್ಲಿರುತ್ತದೆ, ನೋವು ವಿಪರೀತ. ಎರಡು ಮೂರು ವಾರದೊಳಗೆ ಮಾಯುತ್ತದೆ. ಇನ್ನೂ ಆಳವಾಗಿದ್ದರೆ ತಳ ಬಿಳಿಚಿ ಮಚ್ಚೆಮಚ್ಚೆಯಾಗಿ ಕಾಣುತ್ತದೆ, ನೋವು ಕಡಿಮೆಯಾಗುತ್ತದೆ. ಮೂರನೆಯ ದರ್ಜೆಯಲ್ಲಿ ಚರ್ಮ ಪೂರ್ತಿ ಸತ್ತು ಬಿಳಿ, ಕಂದು ಅಥವಾ ಕಪ್ಪಾಗಿ ತೊಗಲಿನಂತೆ ಒರಟಾಗುತ್ತದೆ. ನರಗಳೂ ಸುಟ್ಟಿರುವುದರಿಂದ ಮುಟ್ಟಿದರೆ ತಿಳಿಯುವುದಿಲ್ಲ. ನೋವಿಲ್ಲದ ಸುಟ್ಟಗಾಯವನ್ನು ಹಗುರವೆಂದು ಬಗೆಯುವುದು ಅಪಾಯಕಾರಿ ತಪ್ಪು ಎಂಬುದನ್ನು ಒತ್ತಿ ಹೇಳಬೇಕು. ಮನೆಯಲ್ಲೇ ನೋಡಿಕೊಳ್ಳಬಹುದಾದವು ಮೊದಲ ದರ್ಜೆಯವು ಮತ್ತು ಚಿಕ್ಕದಾದ, ಮೇಲ್ಮಟ್ಟದ ಎರಡನೆಯ ದರ್ಜೆಯವು ಮಾತ್ರ.

ಪಠ್ಯಪುಸ್ತಕಗಳ ಚಿತ್ರಗಳು ಬಹುಪಾಲು ಬಿಳಿಯ ಚರ್ಮದವು. ಕಂದು ಅಥವಾ ಕಪ್ಪು ಮೈಬಣ್ಣದಲ್ಲಿ ಕೆಂಪು ಅಷ್ಟು ಎದ್ದು ಕಾಣುವುದಿಲ್ಲ. ಚರ್ಮ ಮಾಮೂಲಿಗಿಂತ ಗಾಢವಾಗಿ, ಕೆಲವೊಮ್ಮೆ ನೇರಳೆ ಛಾಯೆಯಲ್ಲಿ ತೋರಬಹುದು. ಹಾಗಾಗಿ ಬಿಸಿ, ಊತ, ನೋವು, ಬೊಬ್ಬೆಗಳನ್ನು ನೋಡಿ ಆಳವನ್ನು ಅಂದಾಜಿಸುವುದು ಮೇಲು.

ವಿಸ್ತಾರವನ್ನು ದೇಹದ ಒಟ್ಟು ಚರ್ಮದ ಶೇಕಡಾವಾರು ಲೆಕ್ಕದಲ್ಲಿ ಹೇಳುತ್ತಾರೆ. ಗಾಯಗೊಂಡವರ ಅಂಗೈ ಬೆರಳುಗಳ ಸಮೇತ ಹೆಚ್ಚುಕಡಿಮೆ ಶೇ. 1ರಷ್ಟು ಎಂಬುದು ಮನೆಯಲ್ಲಿ ಬಳಸಬಹುದಾದ ಸುಲಭ ಅಳತೆ. ಮಗುವಿನ ಗಾಯವನ್ನು ಮಗುವಿನ ಅಂಗೈಯಿಂದಲೇ ಅಳೆಯಬೇಕು, ದೊಡ್ಡವರದರಿಂದಲ್ಲ. ದೊಡ್ಡ ಗಾಯಗಳಿಗೆ ಆಸ್ಪತ್ರೆಗಳಲ್ಲಿ ‘ಒಂಬತ್ತರ ನಿಯಮ’ವನ್ನೂ, ಮಕ್ಕಳಿಗೆ 1944ರ ಲುಂಡ್-ಬ್ರೌಡರ್ ನಕ್ಷೆಯನ್ನೂ ಬಳಸುತ್ತಾರೆ.

ಇತಿಹಾಸ

ಸುಮಾರು ಕ್ರಿ.ಪೂ. 1500ರ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲಿ ಸುಟ್ಟಗಾಯದ ಮದ್ದುಗಳಿವೆ. ಭಾರತದಲ್ಲಿ ಸುಶ್ರುತ ಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯ ಸುಟ್ಟಗಾಯಗಳನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಬಣ್ಣಗೆಟ್ಟು ಉರಿಯುವುದು ಪ್ಲುಷ್ಟ, ಬೊಬ್ಬೆ ಏಳುವುದು ದುರ್ದಗ್ಧ, ಮಾಂಸ ಜೋತುಬೀಳುವಷ್ಟು ಸುಟ್ಟು ಜ್ವರ, ಬಾಯಾರಿಕೆ, ಮೂರ್ಛೆ ತರುವುದು ಅತಿದಗ್ಧ. ಆಳಕ್ಕೆ ತಕ್ಕ ಈ ವಿಂಗಡಣೆ ಇಂದಿನ ದರ್ಜೆಗಳಿಗೆ ಬಹಳ ಹತ್ತಿರ. ಕಾದ ಎಣ್ಣೆ ತುಪ್ಪಗಳು ಒಳಕ್ಕಿಳಿದು ಹೆಚ್ಚು ನೋಯಿಸುತ್ತವೆ ಎಂಬ ಗಮನಿಕೆಯೂ ಅಲ್ಲಿದೆ. ಆದರೆ ಪ್ಲುಷ್ಟಕ್ಕೆ ತಣ್ಣೀರು ಬೇಡ, ಕಾವು ಕೊಡಬೇಕು ಎಂಬ ಅದರ ಸಲಹೆಯನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಪರ್ಷಿಯಾದ ಅಲ್ ರಾಜಿ ತಣ್ಣೀರನ್ನು ಸೂಚಿಸಿದ್ದ.

ಯುರೋಪಿನಲ್ಲಿ ಜರ್ಮನ್ ಶಸ್ತ್ರವೈದ್ಯ ಫ್ಯಾಬ್ರಿಸಿಯಸ್ ಹಿಲ್ಡಾನಸ್ 1607ರಲ್ಲಿ ಸುಟ್ಟಗಾಯಗಳ ಕುರಿತೇ ಗ್ರಂಥ ಬರೆದು ಅವುಗಳನ್ನು ಮೂರು ದರ್ಜೆಗಳಾಗಿ ಹಂಚಿದ. 1799ರಲ್ಲಿ ಇಂಗ್ಲೆಂಡಿನ ಜೇಮ್ಸ್ ಅರ್ಲ್ ತಣ್ಣೀರು ಮತ್ತು ಮಂಜುಗಡ್ಡೆಯ ಪರ ಪುಸ್ತಕ ಪ್ರಕಟಿಸಿದ. ಸ್ಕಾಟ್ಲೆಂಡಿನ ಕ್ಯಾರನ್ ಕಬ್ಬಿಣದ ಕಾರ್ಖಾನೆಯಲ್ಲಿ ಸುಣ್ಣದ ತಿಳಿನೀರಿಗೆ ಅಗಸೆ ಎಣ್ಣೆ ಬೆರೆಸಿ ಹಚ್ಚುತ್ತಿದ್ದರು. ‘ಕ್ಯಾರನ್ ಎಣ್ಣೆ’ ಎಂದು ಹೆಸರಾದ ಆ ಲೇಪ ಬಹುಕಾಲ ಬಳಕೆಯಲ್ಲಿತ್ತು. ನಮ್ಮ ಕಡೆಯ ಹಳೆಯ ಮನೆಮದ್ದಾದ ಸುಣ್ಣದ ತಿಳಿ ಮತ್ತು ಕೊಬ್ಬರಿ ಎಣ್ಣೆಯ ಲೇಪವೂ ಇದೇ ಜಾತಿಯದು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಐಸ್‌ಲೆಂಡಿನ ವೈದ್ಯ ಓಫೆಯ್ಗುರ್ ಓಫೆಯ್ಗ್ಸನ್ ತಣ್ಣೀರಿನ ಮೇಲೆ ಪ್ರಯೋಗಗಳನ್ನು ನಡೆಸಿದ ಮೇಲೆ, ಮರೆತೇಹೋಗಿದ್ದ ಈ ಉಪಚಾರ ಮತ್ತೆ ಚರ್ಚೆಗೆ ಬಂತು.

ಪ್ರಥಮ ಚಿಕಿತ್ಸೆ

ಮೊದಲು ಸುಡುವುದನ್ನು ನಿಲ್ಲಿಸಬೇಕು. ಬಟ್ಟೆಗೆ ಕಿಡಿ ಹತ್ತಿದ್ದರೆ ಓಡದೆ, ನಿಂತಲ್ಲೇ ನೆಲಕ್ಕೆ ಮಲಗಿ ಉರುಳಬೇಕು. ಹತ್ತಿರದವರು ದಪ್ಪ ಹತ್ತಿಯ ಅಥವಾ ಉಣ್ಣೆಯ ಕಂಬಳಿ ಹೊದಿಸಿ ಬೆಂಕಿ ನಂದಿಸಬಹುದು. ಕುದಿನೀರೋ ಸಾರೋ ಬಿದ್ದಿದ್ದರೆ ನೆನೆದ ಬಟ್ಟೆಯನ್ನು ಕೂಡಲೇ ತೆಗೆಯಬೇಕು, ಏಕೆಂದರೆ ಬಿಸಿ ಅದರಲ್ಲಿ ನಿಂತಿರುತ್ತದೆ. ಚರ್ಮಕ್ಕೆ ಕರಗಿ ಅಂಟಿದ ನೈಲಾನ್, ಪಾಲಿಯೆಸ್ಟರ್ ಬಟ್ಟೆಯನ್ನು ಮಾತ್ರ ಕೀಳದೆ, ಸುತ್ತಲಿನದನ್ನು ಕತ್ತರಿಸಿ ಅಂಟಿದ್ದನ್ನು ಹಾಗೇ ಬಿಟ್ಟು ನೀರು ಹಾಯಿಸಬೇಕು.

ಸುಟ್ಟ ಭಾಗದ ಆಭರಣ ಊತ ಬರುವ ಮುಂಚೆಯೇ ಹೊರಬರಬೇಕು. ಬಳೆ, ಉಂಗುರ, ವಾಚು, ಕಾಲುಂಗುರ, ಕಾಲ್ಗೆಜ್ಜೆ, ಮಕ್ಕಳಾದರೆ ಉಡಿದಾರ ಮತ್ತು ಡೈಪರ್. ತಾಸು ಕಳೆದು ಬೆರಳು ಊದಿಕೊಂಡ ಮೇಲೆ ಉಂಗುರ ತೆಗೆಯಲಾಗದೆ ರಕ್ತಸಂಚಾರವೇ ನಿಲ್ಲಬಹುದು, ಆಗ ಅದನ್ನು ಕತ್ತರಿಸದೆ ಬೇರೆ ದಾರಿಯಿಲ್ಲ. ಆದರೂ ಇದಕ್ಕಾಗಿ ನೀರನ್ನು ತಡಮಾಡಬಾರದು. ಒಂದು ಕೈಯಿಂದ ನೀರು ಹಾಯಿಸುತ್ತಲೇ ಇನ್ನೊಂದರಿಂದ ಬಿಚ್ಚಬಹುದು.

ಅನಂತರ ಹರಿಯುವ ತಣ್ಣೀರಿನಡಿ ಗಾಯವನ್ನು 20 ನಿಮಿಷ ಹಿಡಿಯಬೇಕು. ಹಲವು ದೇಶಗಳ ಮಾರ್ಗಸೂಚಿಗಳು 20 ನಿಮಿಷವೆನ್ನುತ್ತವೆ, ಕೆಲವು ಕನಿಷ್ಠ 10 ಎನ್ನುತ್ತವೆ. ಅರ್ಧ ನಿಮಿಷ ಸಾಕೆನ್ನುವ ಮಾರ್ಗಸೂಚಿ ಯಾವುದೂ ಇಲ್ಲ. ಸುಟ್ಟ ತಕ್ಷಣ ನೀರು ಸಿಗದಿದ್ದರೂ ಮೂರು ಗಂಟೆಯೊಳಗೆ ತಣಿಸಿದರೆ ಪ್ರಯೋಜನವಿದೆ. ತಣಿಸುವಿಕೆ ಶಾಖವನ್ನು ಹೊರತೆಗೆಯುವುದಷ್ಟೇ ಅಲ್ಲ, ನೋವನ್ನೂ ಊತವನ್ನೂ ತಗ್ಗಿಸುತ್ತದೆ, ಗಾಯದ ಆಳವನ್ನು ಕಡಿಮೆ ಮಾಡುತ್ತದೆ. ಸಣ್ಣ ಗಾಯವೆಂದು ಉದಾಸೀನ ಮಾಡದೆ ಗಡಿಯಾರ ನೋಡಿ ಲೆಕ್ಕ ಇಡುವುದು ಒಳ್ಳೆಯದು, ಏಕೆಂದರೆ ಅಳುವ ಮಗುವನ್ನು ಹಿಡಿದು ನಿಂತವರಿಗೆ ಎರಡು ನಿಮಿಷವೇ ಇಪ್ಪತ್ತಾಗಿ ತೋರುತ್ತದೆ.

ನೀರು ತಣ್ಣಗಿರಬೇಕು, ಮಂಜಿನಂತಿರಬಾರದು. ನಲ್ಲಿಯ ಮಾಮೂಲಿ ನೀರು ಸಾಕು. ಬೇಸಿಗೆಯ ಮಧ್ಯಾಹ್ನ ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರು ಕೈಗೆ ಬಿಸಿ ತಾಗುವಷ್ಟು ಕಾದಿರುತ್ತದೆ. ಹಾಗಿದ್ದಾಗ ಅದನ್ನು ಸ್ವಲ್ಪ ಹೊತ್ತು ಹರಿಯಬಿಡಬೇಕು, ಅಥವಾ ಒಳಗಿನ ಕೊಳಗ, ಮಡಕೆ, ಸಂಪಿನ ನೀರನ್ನು ಬಳಸಬೇಕು. ನಲ್ಲಿ ಬಾರದ ಹೊತ್ತಿನಲ್ಲಿ ಚೊಂಬಿನಿಂದ ನಿಧಾನವಾಗಿ ಹೊಯ್ಯುತ್ತ ಇರಬಹುದು. ಅದಕ್ಕೂ ನೀರು ಸಾಲದಿದ್ದರೆ ಶುದ್ಧವಾದ ಬಟ್ಟೆಯನ್ನು ಒದ್ದೆಮಾಡಿ ಹಾಕಿ, ಅದು ಬೆಚ್ಚಗಾದಂತೆಲ್ಲ ಮತ್ತೆ ಅದ್ದಿ ಹಾಕಬೇಕು. ಒಮ್ಮೆ ಹಾಕಿದ ಒದ್ದೆ ಬಟ್ಟೆ ನಿಮಿಷಗಳಲ್ಲೇ ಬಿಸಿಯಾಗಿ ಉಪಯೋಗ ಕಳೆದುಕೊಳ್ಳುತ್ತದೆ. ಮುಖ ಸುಟ್ಟಿದ್ದರೆ ಹೀಗೆ ಬಟ್ಟೆಯಿಂದ ತಣಿಸುವುದೇ ಅನುಕೂಲ.

ಮಂಜುಗಡ್ಡೆ ಮತ್ತು ಫ್ರಿಜ್ಜಿನ ಐಸ್ ನೀರು ಬೇಡ. ಅವು ಚರ್ಮದ ರಕ್ತನಾಳಗಳನ್ನು ಮುದುಡಿಸಿ, ಜಾಕ್ಸನ್ ಗುರುತಿಸಿದ ಎರಡನೆಯ ವಲಯಕ್ಕೆ ರಕ್ತ ಸಿಗದಂತೆ ಮಾಡುತ್ತವೆ. ಎಳೆಯ ಮಕ್ಕಳಲ್ಲಿ ಮತ್ತು ವಿಸ್ತಾರವಾದ ಗಾಯಗಳಲ್ಲಿ ತಣ್ಣೀರೇ ಮೈಕಾವನ್ನು ಇಳಿಸಬಹುದಾದ್ದರಿಂದ, ಗಾಯವನ್ನು ತಣಿಸುತ್ತಲೇ ಉಳಿದ ಮೈಯನ್ನು ಹೊದ್ದಿಸಿ ಬೆಚ್ಚಗಿಡಬೇಕು. ಮಗು ನಡುಗತೊಡಗಿದರೆ ತಣಿಸುವುದನ್ನು ನಿಲ್ಲಿಸಬೇಕು.

ತಣಿಸಿದ ಮೇಲೆ ಗಾಯವನ್ನು ಮುಚ್ಚಬೇಕು. ಆಸ್ಪತ್ರೆಗೆ ಹೋಗುವುದಿದ್ದರೆ ಅಡುಗೆಮನೆಯಲ್ಲಿ ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಉತ್ತಮ ಹೊದಿಕೆ. ಅದು ಅಂಟುವುದಿಲ್ಲ, ವೈದ್ಯರಿಗೆ ಗಾಯ ಹೊರಗಿನಿಂದಲೇ ಕಾಣುತ್ತದೆ, ಗಾಳಿ ತಾಗದ್ದರಿಂದ ಉರಿಯೂ ಇಳಿಯುತ್ತದೆ. ಮೊದಲ ಒಂದೆರಡು ಸುತ್ತು ಬಿಸಾಡಿ ಒಳಗಿನ ಹಾಳೆಯನ್ನು ಗಾಯದ ಮೇಲೆ ಪದರಪದರವಾಗಿ ಹಾಸಬೇಕು, ಅಂಗದ ಸುತ್ತ ಬಿಗಿಯಾಗಿ ಸುತ್ತಬಾರದು, ಮುಖಕ್ಕೆ ಬಳಸಬಾರದು. ಪ್ಲಾಸ್ಟಿಕ್ ಇಲ್ಲದಿದ್ದರೆ ಒಗೆದು ಒಣಗಿಸಿದ ಹತ್ತಿ ಪಂಚೆಯ ತುಂಡು ಸಾಕು. ಹತ್ತಿಯ ಉಂಡೆಯನ್ನು ನೇರ ಇಡಬಾರದು; ಅದರ ಎಳೆಗಳು ಗಾಯದಲ್ಲಿ ಸಿಕ್ಕಿಕೊಳ್ಳುತ್ತವೆ.

ಮನೆಮದ್ದುಗಳು

ಕರ್ನಾಟಕದ ಮನೆಗಳಲ್ಲಿ ಸುಟ್ಟ ಜಾಗಕ್ಕೆ ದೋಸೆ ಹಿಟ್ಟು, ಬೆಣ್ಣೆ, ಕೊಬ್ಬರಿ ಎಣ್ಣೆ, ಅರಿಶಿನ, ಜೇನು, ಲೋಳೆಸರ, ಮೊಟ್ಟೆಯ ಬಿಳಿಭಾಗ, ಟೂತ್‌ಪೇಸ್ಟ್, ಇಂಕು ಹಚ್ಚುವ ರೂಢಿಗಳಿವೆ. ಇವನ್ನು ಹಚ್ಚುವವರು ನೋವು ಕಂಡು ಕರಗಿದವರೇ, ಹಚ್ಚಿದ ಕ್ಷಣ ತಂಪೆನಿಸುವುದೂ ನಿಜ. ಆದರೆ ಬಿಸಿ ಆರುವ ಮುನ್ನ ಹಚ್ಚಿದ ಎಣ್ಣೆ, ಬೆಣ್ಣೆ, ಪೇಸ್ಟ್ ಶಾಖವನ್ನು ಒಳಗೇ ತಡೆಹಿಡಿಯುತ್ತವೆ. ಹಿಟ್ಟಿನಲ್ಲಿ, ಹಸಿ ಮೊಟ್ಟೆಯಲ್ಲಿ ಸೋಂಕು ತರುವ ಸೂಕ್ಷ್ಮಜೀವಿಗಳಿರಬಹುದು. ಇಂಕು ಮತ್ತು ಅರಿಶಿನ ಗಾಯದ ಬಣ್ಣವನ್ನೇ ಮರೆಮಾಚುವುದರಿಂದ ಆಳ ಎಷ್ಟೆಂದು ವೈದ್ಯರಿಗೆ ತಿಳಿಯುವುದಿಲ್ಲ. ಒಣಗಿ ಹಕ್ಕಳೆಗಟ್ಟಿದ ಲೇಪವನ್ನು ಕೆರೆದು ತೆಗೆಯುವಾಗ ಸುಟ್ಟದ್ದಕ್ಕಿಂತ ಹೆಚ್ಚು ನೋವಾಗುತ್ತದೆ. ಸಗಣಿ, ಮಣ್ಣುಗಳಿಂದ ಧನುರ್ವಾಯುವಿನ ಅಪಾಯವೇ ಇದೆ. ಹಚ್ಚುವುದನ್ನು ಹುಡುಕುತ್ತಾ ನೀರಿನ ಹೊತ್ತು ಕಳೆದುಹೋಗುವುದು ಇವೆಲ್ಲಕ್ಕಿಂತ ದೊಡ್ಡ ನಷ್ಟ.

ಎಲ್ಲವೂ ನಿರುಪಯುಕ್ತವೆಂದು ಇದರರ್ಥವಲ್ಲ. ಪೂರ್ತಿ ತಣಿದ, ಬೊಬ್ಬೆಯಿಲ್ಲದ ಗಾಯಕ್ಕೆ ಲೋಳೆಸರದ ಶುದ್ಧ ಜೆಲ್ ತಂಪು ಕೊಡುತ್ತದೆ, ಚರ್ಮ ಒಣಗದಂತೆ ನೋಡಿಕೊಳ್ಳುತ್ತದೆ. ಜೇನಿನ ಬಗ್ಗೆ ಸೊಲ್ಲಾಪುರದ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ 1991ರಿಂದ ಅಧ್ಯಯನಗಳನ್ನು ಪ್ರಕಟಿಸಿ, ಮೇಲ್ಮಟ್ಟದ ಗಾಯಗಳು ಬೇಗ ಮಾಯುವುದನ್ನು ತೋರಿಸಿದರು. ಇಂದು ಔಷಧವಾಗಿ ಬಳಸುವುದು ಸೂಕ್ಷ್ಮಜೀವಿರಹಿತಗೊಳಿಸಿದ ಜೇನನ್ನು, ಡಬ್ಬಿಯ ಜೇನನ್ನಲ್ಲ. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಮಾಧುರಿ ಗೋರೆ ಮತ್ತು ಸಹೋದ್ಯೋಗಿಗಳು ಬಾಳೆಲೆಯನ್ನು ಗಾಯದ ಹೊದಿಕೆಯಾಗಿ ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಾಳೆಲೆಯ ಮೇಣದಂಥ ಮೈ ಗಾಯಕ್ಕೆ ಅಂಟುವುದಿಲ್ಲ, ಕಟ್ಟು ಬಿಚ್ಚುವಾಗ ನೋವಾಗುವುದಿಲ್ಲ, ಬೆಲೆಯೂ ಕಡಿಮೆ. ಅಲ್ಲಿಯೂ ಎಲೆಯನ್ನು ಹಬೆಯಲ್ಲಿ ಶುದ್ಧೀಕರಿಸಿಯೇ ಬಳಸುತ್ತಾರೆ. ಹಿತ್ತಲಿನಿಂದ ತಂದ ಹಸಿ ಎಲೆ ಅದಕ್ಕೆ ಸಮನಲ್ಲ.

ಮನೆ ಆರೈಕೆ

ಕೈ ತೊಳೆದುಕೊಂಡು, ಗಾಯವನ್ನು ಸೌಮ್ಯ ಸಾಬೂನು ಮತ್ತು ನೀರಿನಿಂದ ಮೆಲ್ಲಗೆ ತೊಳೆದು, ಶುದ್ಧ ಬಟ್ಟೆಯಿಂದ ಒತ್ತಿ ತೇವ ತೆಗೆಯುವುದು ದಿನದ ಮೊದಲ ಕೆಲಸ. ಉಜ್ಜಬಾರದು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್‌ಗಳು ಹೊಸ ಕೋಶಗಳನ್ನೂ ಕೊಲ್ಲುವುದರಿಂದ ಬೇಡ. ಆಮೇಲೆ ವ್ಯಾಸಲೀನನ್ನು ತೆಳುವಾಗಿ ಸವರಿ, ಅಂಟದ ಗಾಜ್ ಬಟ್ಟೆ ಇಟ್ಟು, ಸಡಿಲವಾಗಿ ಪಟ್ಟಿ ಸುತ್ತಬೇಕು. ಔಷಧಿ ಅಂಗಡಿಯಲ್ಲಿ ಸಿಗುವ ವ್ಯಾಸಲೀನ್ ಅಥವಾ ಪ್ಯಾರಾಫಿನ್ ಗಾಜ್ ಇದಕ್ಕೆ ಅನುಕೂಲ. ಬೆರಳುಗಳು ಸುಟ್ಟಿದ್ದರೆ ಒಂದೊಂದನ್ನೂ ಬೇರೆಬೇರೆಯಾಗಿ ಸುತ್ತಬೇಕು, ಇಲ್ಲವಾದರೆ ಹಸಿ ಮೈಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪಟ್ಟಿಯನ್ನು ದಿನಕ್ಕೊಮ್ಮೆ, ಒದ್ದೆಯಾದರೆ ಅಥವಾ ಕೊಳೆಯಾದರೆ ಆಗಲೇ ಬದಲಿಸಬೇಕು. ಅಂಟಿಕೊಂಡಿದ್ದರೆ ನೀರಿನಲ್ಲಿ ನೆನೆಸಿ ಬಿಡಿಸಬೇಕು. ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕೆಂಬ ನಂಬಿಕೆ ಬಲವಾಗಿದೆ, ಆದರೆ ಹೊಸ ಚರ್ಮ ತೇವದ ಮೇಲೆ ಹಬ್ಬುವಷ್ಟು ಬೇಗ ಒಣ ಹಕ್ಕಳೆಯಡಿ ಹಬ್ಬುವುದಿಲ್ಲ. ಬೊಬ್ಬೆಯಿಲ್ಲದ ಮೊದಲ ದರ್ಜೆಯ ಗಾಯಕ್ಕೆ ಪಟ್ಟಿ ಬೇಕಿಲ್ಲ, ಚರ್ಮ ಒಣಗದಂತೆ ಹಚ್ಚುತ್ತಿದ್ದರೆ ಸಾಕು.

ಬೊಬ್ಬೆಯನ್ನು ಒಡೆಯಬಾರದು. ಅದರ ಮೇಲ್ಚರ್ಮ ಶುದ್ಧವಾದ ಹೊದಿಕೆ. ಸೂಜಿ ಚುಚ್ಚಿದರೆ ಒಳಗಿನ ಹಸಿ ಮೈಗೆ ಸೋಂಕಿನ ದಾರಿ ತೆರೆದಂತಾಗುತ್ತದೆ. ಕೀಲಿನ ಮೇಲಿದ್ದು ಒಡೆಯುವ ಹಾಗಿರುವ ದೊಡ್ಡ ಬೊಬ್ಬೆಗಳನ್ನು ವೈದ್ಯರೇ ಶುದ್ಧವಾಗಿ ಬಿಡಿಸುತ್ತಾರೆ. ತಾನಾಗಿ ಒಡೆದದ್ದನ್ನು ತೊಳೆದು ಮುಚ್ಚಬೇಕು, ಜೋತ ಚರ್ಮವನ್ನು ಎಳೆಯಬಾರದು.

ಭಾರತದ ಮನೆಗಳಿಗೆ ಹಲವು ದಶಕಗಳಿಂದ ಪರಿಚಿತವಾದ ಹಳದಿ ಬಣ್ಣದ ಬರ್ನಾಲ್ ಅಮಿನಾಕ್ರಿನ್ ಮತ್ತು ಸೆಟ್ರಿಮೈಡ್ ಇರುವ ನಂಜುನಿರೋಧಕ ಮುಲಾಮು. ಅದು ನೀರಿನ ಬದಲಿಯಲ್ಲ. ಸಿಲ್ವರ್ ಸಲ್ಫಾಡಯಜೀನ್ ಎಂಬ ಬಿಳಿ ಮುಲಾಮು 1968ರಿಂದ ಬಳಕೆಯಲ್ಲಿದ್ದು ದೊಡ್ಡ ಗಾಯಗಳಲ್ಲಿ ಸೋಂಕು ತಡೆಯಲು ನೆರವಾಗಿದೆ. ಸಣ್ಣ, ಮೇಲ್ಮಟ್ಟದ ಗಾಯಗಳು ಅದನ್ನು ಹಚ್ಚಿದಾಗ ಇತರ ಆಧುನಿಕ ಹೊದಿಕೆಗಳಿಗಿಂತ ನಿಧಾನವಾಗಿ ಮಾಯುತ್ತವೆ ಎಂದು ಅಧ್ಯಯನಗಳ ಸಮೀಕ್ಷೆಗಳು ತೋರಿಸಿವೆ. ಸಲ್ಫಾ ಔಷಧ ಒಗ್ಗದವರು, ಹೆರಿಗೆ ಸಮೀಪಿಸಿದ ಗರ್ಭಿಣಿಯರು ಮತ್ತು ಎರಡು ತಿಂಗಳೊಳಗಿನ ಶಿಶುಗಳಿಗೆ ಅದು ಸಲ್ಲದು.

ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸಾಕು. ದೊಡ್ಡವರಿಗೆ ಒಂದು ಸಲಕ್ಕೆ 500 ಮಿಲಿಗ್ರಾಂನಿಂದ 1 ಗ್ರಾಂ, ನಾಲ್ಕರಿಂದ ಆರು ಗಂಟೆಗಳ ಅಂತರದಲ್ಲಿ, ದಿನಕ್ಕೆ 4 ಗ್ರಾಂ ಮೀರದಂತೆ. ಯಕೃತ್ತಿನ ಕಾಯಿಲೆಯವರು ವೈದ್ಯರನ್ನು ಕೇಳಬೇಕು. ಮಕ್ಕಳಿಗೆ ತೂಕ ನೋಡಿ ಕೊಡಬೇಕು, ಆಸ್ಪಿರಿನ್ ಕೊಡಬಾರದು. ಸುಟ್ಟ ಕೈಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಟ್ಟರೆ ಊತವೂ ಮಿಡಿತದ ನೋವೂ ಇಳಿಯುತ್ತವೆ. ಕೀಲಿನ ಹತ್ತಿರದ ಗಾಯವಾದರೆ ನೋವಿನ ಭಯದಿಂದ ಅಂಗವನ್ನು ಮಡಚಿಯೇ ಇಡದೆ ಆಡಿಸುತ್ತಿರಬೇಕು. ಬೊಬ್ಬೆಯೊಡೆದ ಯಾವುದೇ ಗಾಯಕ್ಕೆ ಧನುರ್ವಾಯುವಿನ ಚುಚ್ಚುಮದ್ದಿನ ಅವಧಿ ಮುಗಿದಿದೆಯೇ ಎಂದು ನೋಡಿಕೊಳ್ಳಬೇಕು. ಸುಟ್ಟಗಾಯಕ್ಕೆ ಅನ್ನ, ಬೇಳೆ, ಮೊಟ್ಟೆ ನಂಜೆಂದು ಪಥ್ಯ ಮಾಡಿಸುವುದರಲ್ಲಿ ಹುರುಳಿಲ್ಲ. ಹೊಸ ಚರ್ಮ ಕಟ್ಟಲು ಪ್ರೋಟೀನ್ ಬೇಕೇಬೇಕು.

ಬೇರೆ ಬಗೆಯ ಸುಟ್ಟಗಾಯಗಳು

ಸುಣ್ಣ, ಆಮ್ಲ, ಬಚ್ಚಲು ತೊಳೆಯುವ ದ್ರಾವಣಗಳ ಗಾಯ ರಾಸಾಯನಿಕ ಇರುವವರೆಗೂ ಆಳಕ್ಕಿಳಿಯುತ್ತಲೇ ಇರುತ್ತದೆ. ಸುಣ್ಣದ ಪುಡಿಯಾದರೆ ಮೊದಲು ಒಣ ಬಟ್ಟೆಯಿಂದ ಕೊಡವಿ, ಆಮೇಲೆ ಧಾರಾಳವಾಗಿ ನೀರು ಹಾಯಿಸಬೇಕು. ಆಮ್ಲಕ್ಕೆ ಕ್ಷಾರ, ಕ್ಷಾರಕ್ಕೆ ಆಮ್ಲ ಹಾಕುವ ಪ್ರಯತ್ನ ಹೊಸ ಶಾಖವನ್ನು ಹುಟ್ಟಿಸುತ್ತದೆ. ಎಲೆ ಅಡಿಕೆಯ ಸುಣ್ಣದ ಡಬ್ಬಿ ಅಥವಾ ಟ್ಯೂಬು ಮಕ್ಕಳ ಕೈಗೆ ಸಿಕ್ಕಿ ಕಣ್ಣಿಗೆ ಚಿಮ್ಮಿದರೆ ದೃಷ್ಟಿಯೇ ಹೋಗಬಹುದು. ರೆಪ್ಪೆ ಬಿಡಿಸಿ ಅರ್ಧ ಗಂಟೆ ನೀರು ಹಾಯಿಸುತ್ತಲೇ ಕಣ್ಣಾಸ್ಪತ್ರೆಗೆ ಒಯ್ಯಬೇಕು. ಕರಾವಳಿಯಲ್ಲಿ ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದವರ ಕೈಮುಖಗಳಲ್ಲಿ ಏಳುವ ಬೊಬ್ಬೆಗಳೂ ರಾಸಾಯನಿಕದವೇ. ವಿದ್ಯುತ್ತಿನ ಗಾಯ ಹೊರಗೆ ಚುಕ್ಕಿಯಷ್ಟಿದ್ದರೂ ಒಳಗೆ ಸ್ನಾಯು, ಹೃದಯಗಳಿಗೆ ಪೆಟ್ಟಾಗಿರಬಹುದು. ಸಂಪರ್ಕ ಕಡಿದ ಮೇಲಷ್ಟೇ ಮುಟ್ಟಿ, ಆಸ್ಪತ್ರೆಗೆ ಸಾಗಿಸಬೇಕು. ಇವೆರಡನ್ನೂ ಸಣ್ಣ ಸುಟ್ಟಗಾಯವೆಂದು ಎಣಿಸುವಂತಿಲ್ಲ.

ವೈದ್ಯರ ನೆರವು ಬೇಕಾಗುವ ಸಂದರ್ಭಗಳು

ಮುಖ, ಕೈ, ಪಾದ, ಗುಪ್ತಾಂಗ ಅಥವಾ ಕೀಲುಗಳ ಗಾಯ, ಕೈಕಾಲನ್ನು ಸುತ್ತುವರಿದ ಗಾಯ, ಬಿಳಿ ಅಥವಾ ಕಪ್ಪು ಬಣ್ಣದ ನೋವಿಲ್ಲದ ಗಾಯ, ಬೊಬ್ಬೆಗಳು ಗಾಯಗೊಂಡವರ ಎರಡು ಮೂರು ಅಂಗೈಗಿಂತ ಹೆಚ್ಚು ಹರಡಿರುವುದು, ಇವುಗಳಲ್ಲಿ ಯಾವುದಿದ್ದರೂ ತಣಿಸಿ ವೈದ್ಯರಲ್ಲಿಗೆ ಹೋಗಬೇಕು. ಐದು ವರ್ಷದೊಳಗಿನ ಮಕ್ಕಳು, ವೃದ್ಧರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರಿಗೆ ಇನ್ನೂ ಚಿಕ್ಕ ಗಾಯವಾದರೂ ತೋರಿಸುವುದು ಕ್ಷೇಮ. ಮುಚ್ಚಿದ ಕೋಣೆಯಲ್ಲಿ ಹೊಗೆ ಕುಡಿದು ದನಿ ಒಡೆದಿದ್ದರೆ, ಮೂಗಿನ ಕೂದಲು ಕರಟಿದ್ದರೆ ಚರ್ಮದ ಗಾಯ ಎಷ್ಟೇ ಸಣ್ಣದಿದ್ದರೂ ಅದು ತುರ್ತು.

ಮನೆಯಲ್ಲಿ ನೋಡಿಕೊಳ್ಳುತ್ತಿರುವ ಗಾಯದಲ್ಲಿ ಇಳಿಯುತ್ತಿದ್ದ ನೋವು ಮತ್ತೆ ಏರುವುದು, ಸುತ್ತಲ ಕೆಂಪು ಹಬ್ಬುವುದು, ಕೀವು, ದುರ್ವಾಸನೆ, ಜ್ವರ ಸೋಂಕಿನ ಗುರುತುಗಳು. ಸಣ್ಣ ಗಾಯವಾದರೂ ಮೊದಲ ದಿನಗಳಲ್ಲಿ ಮಗುವಿಗೆ ಜ್ವರ, ವಾಂತಿ, ಭೇದಿ, ಮೈಮೇಲೆ ದದ್ದು, ಮಂಕು ಕಂಡರೆ ಸೋಂಕಿನ ವಿಷ ರಕ್ತಕ್ಕೆ ಸೇರಿರುವ ಅನುಮಾನದಿಂದ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎರಡು ವಾರವಾದರೂ ಮಾಯದ ಗಾಯವನ್ನೂ ತೋರಿಸಬೇಕು. ಹೇಳಿಕೆಗೂ ಗಾಯದ ಆಕಾರಕ್ಕೂ ಹೊಂದಿಕೆಯಾಗದಿದ್ದರೆ, ಉದಾಹರಣೆಗೆ ಮಗುವಿನ ಎರಡೂ ಪಾದ ಕಾಲುಚೀಲ ತೊಟ್ಟಂತೆ ಒಂದೇ ಅಂಚಿಗೆ ಸುಟ್ಟಿದ್ದರೆ, ಹಿಂಸೆಯ ಸಾಧ್ಯತೆಯನ್ನು ವೈದ್ಯರು ಪರಿಶೀಲಿಸುತ್ತಾರೆ. ಕಾಮಾಲೆ, ಹೊಟ್ಟೆನೋವುಗಳಿಗೆ ಮಕ್ಕಳಿಗೆ ಬರೆ ಹಾಕುವ ಪದ್ಧತಿಯ ಗಾಯಗಳೂ ಚಿಕಿತ್ಸೆ ಬೇಕಾದ ಸುಟ್ಟಗಾಯಗಳೇ.

ಮಾಯುವಿಕೆ ಮತ್ತು ಕಲೆ

ಮಾಯಿದ ಚರ್ಮ ಕೆಲವು ತಿಂಗಳು ಒಣಗಿ ತುರಿಸುತ್ತದೆ. ಪರಿಮಳವಿಲ್ಲದ ಮುಲಾಮು ಅಥವಾ ಕೊಬ್ಬರಿ ಎಣ್ಣೆಯಿಂದ ದಿನಕ್ಕೆರಡು ಸಲ ಮೃದುವಾಗಿ ನೀವುವುದು ಈ ಹಂತದಲ್ಲಿ ಉಪಯುಕ್ತ; ಹಸಿ ಗಾಯಕ್ಕೆ ಬೇಡವಾಗಿದ್ದ ಎಣ್ಣೆಗೆ ಇಲ್ಲಿ ಜಾಗವಿದೆ. ನಮ್ಮ ಮೈಬಣ್ಣದಲ್ಲಿ ಗಾಯದ ಜಾಗ ಮೊದಲು ಬಿಳಿಚಿ ಆಮೇಲೆ ಕಪ್ಪಾಗುವುದು ಸಾಮಾನ್ಯ, ತಿಂಗಳುಗಳಲ್ಲಿ ಬಹುಮಟ್ಟಿಗೆ ಮರಳುತ್ತದೆ. ಬಿಸಿಲು ಆ ಕಪ್ಪನ್ನು ಗಟ್ಟಿಮಾಡುವುದರಿಂದ ಸುಮಾರು ಒಂದು ವರ್ಷ ಬಟ್ಟೆಯಿಂದ ಮುಚ್ಚಿಕೊಳ್ಳಬೇಕು ಅಥವಾ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಬೇಕು. ಮಾಯಲು ಮೂರು ವಾರ ಮೀರಿದ ಗಾಯಗಳಲ್ಲಿ ಉಬ್ಬುಕಲೆ ಬರುವ ಸಂಭವ ಹೆಚ್ಚು. ಅದಕ್ಕೆ ಸಿಲಿಕೋನ್ ಜೆಲ್ ಮತ್ತು ಒತ್ತುಪಟ್ಟಿಗಳನ್ನು ಬಳಸುತ್ತಾರೆ.

ತಡೆ ಮತ್ತು ಇಂದಿನ ಸ್ಥಿತಿ

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,80,000 ಮಂದಿ ಸುಟ್ಟಗಾಯಗಳಿಂದ ಸಾಯುತ್ತಾರೆ, ಭಾರತದಲ್ಲಿ 10 ಲಕ್ಷಕ್ಕೂ ಹೆಚ್ಚು ಮಂದಿ ಮಧ್ಯಮ ಅಥವಾ ತೀವ್ರ ಸುಟ್ಟಗಾಯಕ್ಕೆ ಒಳಗಾಗುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನೆಲದ ಮೇಲಿನ ಒಲೆ, ಪಂಪ್ ಸ್ಟವ್, ಸೀಮೆಎಣ್ಣೆ ಬುಡ್ಡಿಗಳು ಹಿಂದೆ ಸರಿದು, 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯ ನಂತರ ಹಳ್ಳಿಗಳಲ್ಲೂ ಗ್ಯಾಸ್ ಹರಡಿದೆ. ಒಲೆ ಕಟ್ಟೆಯ ಮೇಲೇರಿದರೂ ಊಟದ ಹೊತ್ತಿಗೆ ಬಿಸಿ ಸಾರಿನ ಪಾತ್ರೆ ನೆಲಕ್ಕೇ ಬರುವ ಮನೆಗಳಲ್ಲಿ ಅಂಬೆಗಾಲಿಡುವ ಮಗುವಿಗೆ ಅಪಾಯ ತಪ್ಪಿಲ್ಲ. ಪಾತ್ರೆಯ ಹಿಡಿಯನ್ನು ಗೋಡೆಯ ಕಡೆಗೆ ತಿರುಗಿಸಿಡುವುದು, ಬಕೆಟ್ಟಿಗೆ ಮೊದಲು ತಣ್ಣೀರು ಆಮೇಲೆ ಬಿಸಿನೀರು ಬಿಡುವುದು, ಗೀಸರನ್ನು 50 ಡಿಗ್ರಿಯೊಳಗೆ ಇಡುವುದು, ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಾಫಿ ಕುಡಿಯದಿರುವುದು ಖರ್ಚಿಲ್ಲದ ಕ್ರಮಗಳು.

ಕೇಂದ್ರ ಆರೋಗ್ಯ ಸಚಿವಾಲಯ 12ನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ಸುಟ್ಟಗಾಯಗಳ ತಡೆ ಮತ್ತು ನಿರ್ವಹಣೆಗೆ ರಾಷ್ಟ್ರೀಯ ಕಾರ್ಯಕ್ರಮ ರೂಪಿಸಿ, ವೈದ್ಯಕೀಯ ಕಾಲೇಜುಗಳಲ್ಲಿ ಸುಟ್ಟಗಾಯ ಘಟಕಗಳಿಗೆ ನೆರವು ನೀಡಿತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಮಹಾಬೋಧಿ ಸುಟ್ಟಗಾಯ ಕೇಂದ್ರವಿದೆ. ಪಟಾಕಿಯಿಂದ ಕಣ್ಣಿಗೆ ಪೆಟ್ಟಾದವರಿಗಾಗಿ ಮಿಂಟೋ ಕಣ್ಣಾಸ್ಪತ್ರೆ ಪ್ರತಿ ದೀಪಾವಳಿಗೆ ವಿಶೇಷ ಸಿದ್ಧತೆ ಮಾಡಿಕೊಳ್ಳುತ್ತದೆ. 1948ರ ಕಾರ್ಖಾನೆಗಳ ಕಾಯ್ದೆ 150 ಕಾರ್ಮಿಕರಿಗೆ ಒಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಕಡ್ಡಾಯಗೊಳಿಸಿತು. ಮನೆಗಳಿಗೆ ಅಂಥ ಕಟ್ಟಳೆ ಇಲ್ಲ. ಭಾರತೀಯ ರೆಡ್‌ಕ್ರಾಸ್ ಮತ್ತು ಸೇಂಟ್ ಜಾನ್ ಆಂಬುಲೆನ್ಸ್ ಪ್ರಥಮ ಚಿಕಿತ್ಸೆಯ ತರಬೇತಿ ಕೊಡುತ್ತವೆ. ಸಣ್ಣ ಗಾಯಕ್ಕೆ ಬೇಕಾದ ಪಟ್ಟಿ ಕಟ್ಟುವಿಕೆ ಮತ್ತು ಧನುರ್ವಾಯುವಿನ ಚುಚ್ಚುಮದ್ದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಸಿಗುತ್ತವೆ. ತುರ್ತಿದ್ದರೆ ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ಆರಂಭವಾದ 108 ಆಂಬುಲೆನ್ಸ್ ಸೇವೆಗೆ ಅಥವಾ 112ಕ್ಕೆ ಕರೆ ಮಾಡಬಹುದು. ವಾಹನ ಬರುವವರೆಗೆ ನೀರು ಹಾಯಿಸುವುದನ್ನು ಮುಂದುವರಿಸಬೇಕು.